ಮನೆಯಲ್ಲಿ ಮುಚ್ಚಿದ ಗ್ರಂಥ, ಸಂಸತ್ತಿನಲ್ಲಿ ತೆರೆದ ಚರ್ಚೆ

2019ರ ಜುಲೈ 25ರಂದು ಲೋಕಸಭೆಯು 303-82 ಮತಗಳಿಂದಲೂ ಜುಲೈ 30ರಂದು ರಾಜ್ಯಸಭೆಯು 99-84 ಮತಗಳಿಂದಲೂ ತ್ರಿವಳಿ ತಲಾಕನ್ನು ಶಿಕ್ಷಾರ್ಹ ಅಪರಾಧವನ್ನಾಗಿಸುವ ಮಸೂದೆಯನ್ನು ಅಂಗೀಕರಿಸಿದವು. ಮರುದಿನವೇ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಕ್ ಹೇಳಿದವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಕಾನೂನು ಹೀಗೆ ಜಾರಿಗೆ ಬಂತು. ಆ ಮಸೂದೆಯ ಚರ್ಚೆಯಲ್ಲಿ ಪವಿತ್ರ ಕುರ್‌ಆನ್‌ನ ಹೆಸರು ಕೇಳಿಬಂದಷ್ಟು ಬಹುಶಃ ಇತ್ತೀಚಿನ ಯಾವ ಚರ್ಚೆಯಲ್ಲೂ ಕೇಳಿಬಂದಿರಲಾರದು. ಪರವಾಗಿ ಮಾತಾಡಿದವರೂ ಅದರ ಹೆಸರೆತ್ತಿದರು, ವಿರೋಧಿಸಿದವರೂ ಎತ್ತಿದರು. ಇಪ್ಪತ್ತಕ್ಕೂ ಹೆಚ್ಚು ಮುಸ್ಲಿಮ್ ರಾಷ್ಟ್ರಗಳು ಈ ಪದ್ಧತಿಯನ್ನು ನಿಯಂತ್ರಿಸಿವೆ ಎಂದು ಕಾನೂನು ಸಚಿವ ರವಿಶಂಕರ್ ಪ್ರಸಾದ್‌ರು ನೆನಪಿಸಿದರು. ಆ ಮಾತು ಸುಳ್ಳಲ್ಲ. ಈಜಿಪ್ಟ್ 1929ರಲ್ಲಿಯೇ, ಪಾಕಿಸ್ತಾನ 1961ರಲ್ಲಿ ಈ ಬಗ್ಗೆ ಕಾನೂನು ತಂದಿದ್ದವು.

ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಆ ಎರಡು ಸದನಗಳಲ್ಲಿ ಕೈಯೆತ್ತಿದವರಲ್ಲಿ ಎಷ್ಟು ಮಂದಿ ಕುರ್‌ಆನ್‌ನ 65ನೇ ಅಧ್ಯಾಯವನ್ನು ಒಮ್ಮೆಯಾದರೂ ತೆರೆದು ನೋಡಿದ್ದರು? ಆ ಅಧ್ಯಾಯದ ಹೆಸರೇ 'ಅತ್ತಲಾಕ್'. ಹನ್ನೆರಡೇ ಸೂಕ್ತಗಳ ಸಣ್ಣ ಅಧ್ಯಾಯ ಅದು. ಅರ್ಥ ಸಮೇತ ಓದಲು ಹತ್ತು ನಿಮಿಷ ಸಾಕು. ರಾಜಕಾರಣಿಗಳ ಮಾತು ಹಾಗಿರಲಿ. ಅದೇ ಪ್ರಶ್ನೆಯನ್ನು ನಮ್ಮ ಊರುಗಳ ಮುಸ್ಲಿಮ್ ಮನೆಗಳ ಮುಂದಿಟ್ಟರೆ ಉತ್ತರ ಏನಿರಬಹುದು? ಕಳೆದ ನಾಲ್ಕು ದಶಕಗಳಿಂದ ಈ ದೇಶದಲ್ಲಿ ಕುರ್‌ಆನ್‌ನ ಸೂಕ್ತಗಳ ಅರ್ಥ ಚರ್ಚೆಯಾದದ್ದು ನ್ಯಾಯಾಲಯಗಳಲ್ಲಿ, ಸಂಸತ್ತಿನಲ್ಲಿ, ಟಿ.ವಿ. ಸ್ಟುಡಿಯೋಗಳಲ್ಲಿ. ಚರ್ಚೆಯಾಗಬೇಕಾಗಿದ್ದ ಮನೆಯಲ್ಲಿ ಅದು ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿದೆ. ತಾನು ಓದದ ಗ್ರಂಥವನ್ನು ತನ್ನ ಪರವಾಗಿ ಇತರರು ಓದತೊಡಗಿದಾಗ ಆ ಸಮುದಾಯಕ್ಕೆ ದೂರುವ ಹಕ್ಕು ಎಷ್ಟು ಉಳಿಯುತ್ತದೆ ಎಂಬುದನ್ನೇ ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಶಾಬಾನು ಪ್ರಕರಣದ ಹೆಸರು ಕೇಳದವರು ವಿರಳ. ಆದರೆ ಅದರ ವಿವರ ಬಲ್ಲವರೂ ವಿರಳವೇ. ಇಂದೋರಿನ ವಕೀಲರೊಬ್ಬರನ್ನು 1932ರಲ್ಲಿ ವಿವಾಹವಾಗಿದ್ದ ಈ ಮಹಿಳೆಯನ್ನು 1975ರಲ್ಲಿ, ನಾಲ್ಕು ದಶಕಗಳ ದಾಂಪತ್ಯದ ಬಳಿಕ, ಮನೆಯಿಂದ ಹೊರಹಾಕಲಾಯಿತು. 1978ರ ಎಪ್ರಿಲ್‌ನಲ್ಲಿ ಆಕೆ ತಿಂಗಳಿಗೆ 500 ರೂಪಾಯಿ ಜೀವನಾಂಶ ಕೋರಿ ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ನವೆಂಬರ್‌ನಲ್ಲಿ ಪತಿ ತಲಾಕ್ ಹೇಳಿ, ಇನ್ನು ತನಗೆ ಹೊಣೆಯಿಲ್ಲ ಎಂದರು. ವರ್ಷಕ್ಕೆ ಸುಮಾರು 60,000 ರೂಪಾಯಿ ಆದಾಯವಿದ್ದ ಆ ವಕೀಲರು ತಿಂಗಳಿಗೆ 25 ರೂಪಾಯಿ ನೀಡಬೇಕೆಂದು ಮ್ಯಾಜಿಸ್ಟ್ರೇಟರು 1979ರಲ್ಲಿ ಆದೇಶಿಸಿದರು. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಆ 179 ರೂಪಾಯಿಯ ವಿರುದ್ಧ ಪತಿ ಸುಪ್ರೀಮ್ ಕೋರ್ಟಿಗೆ ಹೋದರು. 1985ರ ಎಪ್ರಿಲ್ 23ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಮೇಲ್ಮನವಿಯನ್ನು ತಳ್ಳಿಹಾಕಿತು. ದೇಶವನ್ನೇ ಅಲುಗಾಡಿಸಿದ ವಿವಾದದ ಬೇರು ಇಷ್ಟು ಸಣ್ಣ ಮೊತ್ತದಲ್ಲಿತ್ತು.

ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್‌ರು ತೀರ್ಪು ಬರೆಯುವಾಗ ಕುರ್‌ಆನ್‌ನ ಅನುವಾದಗಳನ್ನು ತರಿಸಿ ಎರಡನೇ ಅಧ್ಯಾಯದ 241ನೇ ಸೂಕ್ತವನ್ನು ಪರಿಶೀಲಿಸಿದರು. ತಲಾಕ್ ಪಡೆದ ಸ್ತ್ರೀಯರಿಗೆ ನ್ಯಾಯೋಚಿತವಾಗಿ ಏನಾದರೂ ಕೊಟ್ಟು ಕಳುಹಿಸುವುದು ದೇವಭಯವುಳ್ಳವರ ಮೇಲಿನ ಹೊಣೆ ಎಂಬುದು ಆ ಸೂಕ್ತದ ಆಶಯ. ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿಯ ಪರವಾಗಿ ಅಲ್ಲಿ ಮಂಡಿಸಲಾದ ವಾದವೊಂದು ತೀರ್ಪಿನಲ್ಲಿ ದಾಖಲಾಗಿದೆ. ಆ ಸೂಕ್ತ ಮುತ್ತಕೀನ್‌ಗಳನ್ನು, ಅಂದರೆ ವಿಶೇಷ ದೇವಭಯವುಳ್ಳವರನ್ನು ಉದ್ದೇಶಿಸಿದೆಯೇ ಹೊರತು ಸಾಮಾನ್ಯ ಮುಸ್ಲಿಮರನ್ನಲ್ಲ ಎಂಬ ವಾದವದು. ನ್ಯಾಯಪೀಠ ಅದನ್ನು ಒಪ್ಪಲಿಲ್ಲ. ಭಾಷಾಶಾಸ್ತ್ರದ ದೃಷ್ಟಿಯಿಂದ ಆ ಪದಗಳ ಬಗ್ಗೆ ಚರ್ಚೆ ಸಾಧ್ಯವಿರಬಹುದು. 'ಮತಾಅ್' ಎಂದರೆ ಒಂದೇ ಸಲ ಕೊಡುವ ಕೊಡುಗೆಯೋ ತಿಂಗಳ ಜೀವನಾಂಶವೋ ಎಂಬುದರಲ್ಲಿ ವಿದ್ವಾಂಸರಿಗೆ ನಿಜವಾದ ಭಿನ್ನಾಭಿಪ್ರಾಯವಿದೆ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಈ ಆಜ್ಞೆ ದೇವಭಯವುಳ್ಳವರಿಗೆ ಮಾತ್ರ ಎಂದು ನ್ಯಾಯಾಲಯದಲ್ಲಿ ನಿಂತು ಹೇಳುವಾಗ ಕೇಳುವವರ ಮನಸ್ಸಿನಲ್ಲಿ ಯಾವ ಪ್ರಶ್ನೆ ಮೂಡುತ್ತದೆ? ಹಾಗಾದರೆ ಉಳಿದವರು ಯಾರು? ಕುರ್‌ಆನ್ ಆರಂಭದಲ್ಲಿಯೇ ತನ್ನನ್ನು ಮುತ್ತಕೀನ್‌ಗಳಿಗೆ ಮಾರ್ಗದರ್ಶಕವೆಂದು ಪರಿಚಯಿಸಿಕೊಳ್ಳುತ್ತದೆ. ಈ ತರ್ಕವನ್ನು ಮುಂದುವರಿಸಿದರೆ ಇಡೀ ಗ್ರಂಥವೇ ಸಾಮಾನ್ಯ ಮುಸ್ಲಿಮರಿಗೆ ಸಂಬಂಧಿಸಿದ್ದಲ್ಲ ಎಂದಾಗುತ್ತದೆ!

ಇನ್ನು ರಾಜಕಾರಣಿಗಳತ್ತ ಬರೋಣ. ತೀರ್ಪಿನ ಪರಿಣಾಮವನ್ನು ತೊಡೆದುಹಾಕಲು ಜಿ.ಎಂ. ಬನಾತ್‌ವಾಲಾ ಅವರು ತಂದ ಖಾಸಗಿ ಮಸೂದೆಯ ಮೇಲೆ 1985ರ ಆಗಸ್ಟ್ 23ರಂದು ಕೇಂದ್ರದ ಸಚಿವ ಆರಿಫ್ ಮುಹಮ್ಮದ್ ಖಾನ್ ಲೋಕಸಭೆಯಲ್ಲಿ ಮಾತಾಡಿದರು. ಕುರ್‌ಆನನ್ನು ಆಧರಿಸಿ ತೀರ್ಪನ್ನು ಸಮರ್ಥಿಸಿದರು. ಹಾಗೆ ಮಾತಾಡಲು ಅವರನ್ನು ನಿಯೋಜಿಸಿದ್ದು ಪ್ರಧಾನಿ ರಾಜೀವ್ ಗಾಂಧಿಯವರೇ. ಕೆಲವೇ ತಿಂಗಳಲ್ಲಿ ಅದೇ ಸರಕಾರದ ಮತ್ತೊಬ್ಬ ಸಚಿವ ಝಿಯಾವುರ‍್ರಹ್ಮಾನ್ ಅನ್ಸಾರಿ ಅದೇ ಸದನದಲ್ಲಿ ಎದ್ದು ನಿಂತು ಅದೇ ತೀರ್ಪನ್ನು ಖಂಡಿಸಿದರು. ಡಿಸೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಕಿಶನ್‌ಗಂಜ್‌ನಿಂದ ಸೈಯದ್ ಶಹಾಬುದ್ದೀನ್ ಗೆದ್ದುಬಂದರು. 1986ರ ಫೆಬ್ರವರಿಯಲ್ಲಿ ಸರಕಾರವೇ ಮಸೂದೆ ಮಂಡಿಸಿತು, ಆರಿಫ್ ಖಾನ್ ರಾಜೀನಾಮೆ ನೀಡಿದರು. ಅದೇ ಫೆಬ್ರವರಿಯ ಒಂದನೇ ತಾರೀಕಿನಂದು ಬಾಬರಿ ಮಸೀದಿಯ ಬೀಗ ತೆರೆಯಲಾಗಿತ್ತು. ಆಗಸ್ಟ್‌ನಿಂದ ಫೆಬ್ರವರಿಯೊಳಗೆ 241ನೇ ಸೂಕ್ತದ ಅರ್ಥವೇನೂ ಬದಲಾಗಿರಲಿಲ್ಲ. ಬದಲಾದದ್ದು ಮತಗಳ ಲೆಕ್ಕಾಚಾರ. ಒಂದು ಸಮುದಾಯಕ್ಕೆ ಕಾನೂನು, ಇನ್ನೊಂದು ಸಮುದಾಯಕ್ಕೆ ಬೀಗದ ಕೈ ಎಂಬ ಆ ವ್ಯಾಪಾರದ ನಷ್ಟವನ್ನು ಈ ದೇಶ ಇಂದಿಗೂ ತುಂಬುತ್ತಿದೆ.

ವಿಚಿತ್ರವೆಂದರೆ ಅಂದು ಬೀದಿಗಿಳಿದು ಗಳಿಸಿದ 1986ರ ಕಾನೂನಿನಲ್ಲಿ ಏನಿದೆ ಎಂಬುದನ್ನೂ ಸಮುದಾಯ ಓದಲಿಲ್ಲ. 2001ರ ಸೆಪ್ಟಂಬರ್ 28ರಂದು ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಆ ಕಾನೂನನ್ನು ಓದಿ, ವಿಚ್ಛೇದಿತೆಯ ಮುಂದಿನ ಬದುಕಿಗೂ ಸಾಕಾಗುವಷ್ಟು ನ್ಯಾಯಯುತ ಏರ್ಪಾಡನ್ನು ಪತಿ ಇದ್ದತ್ ಅವಧಿಯೊಳಗೆ ಮಾಡಬೇಕೆಂದಿತು. 2024ರ ಜುಲೈ 10ರ ತೀರ್ಪಿನಲ್ಲಿ, ವಿಚ್ಛೇದಿತ ಮುಸ್ಲಿಮ್ ಮಹಿಳೆ ಬಯಸಿದರೆ ಇತರ ಎಲ್ಲ ಮಹಿಳೆಯರಂತೆ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿಯಲ್ಲೂ ಜೀವನಾಂಶ ಕೇಳಬಹುದೆಂದು ಸ್ಪಷ್ಟಪಡಿಸಿತು. ಈ ಎರಡು ತೀರ್ಪುಗಳ ವಿಷಯ ಎಷ್ಟು ಮಸೀದಿ ಕಮಿಟಿಗಳಿಗೆ ಗೊತ್ತಿದೆ? ತವರಿಗೆ ಮರಳಿ ಬಂದು ಬೀಡಿ ಕಟ್ಟಿಯೋ ಬಟ್ಟೆ ಹೊಲಿದೋ ಮಕ್ಕಳನ್ನು ಸಾಕುವ ಎಷ್ಟು ಹೆಣ್ಣು ಮಕ್ಕಳಿಗೆ ಇದನ್ನು ಯಾರಾದರೂ ತಿಳಿಸಿದ್ದಾರೆ?

ಹಾಗಾದರೆ ಕುರ್‌ಆನ್ ತಲಾಕಿನ ಬಗ್ಗೆ ಹೇಳುವುದಾದರೂ ಏನು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅಗತ್ಯ. ದಂಪತಿಗಳ ನಡುವೆ ಬಿರುಕು ಕಾಣಿಸಿಕೊಂಡರೆ ಮೊದಲು ಪತಿಯ ಕಡೆಯಿಂದ ಒಬ್ಬರನ್ನೂ ಪತ್ನಿಯ ಕಡೆಯಿಂದ ಒಬ್ಬರನ್ನೂ ಮಧ್ಯಸ್ಥರನ್ನಾಗಿ ನೇಮಿಸಬೇಕೆಂದು ನಾಲ್ಕನೇ ಅಧ್ಯಾಯದ 35ನೇ ಸೂಕ್ತ ಆದೇಶಿಸುತ್ತದೆ. ಅದು ಫಲಿಸದಿದ್ದರೆ ತಲಾಕ್. ಅದೂ ಇದ್ದತನ್ನು ಗಮನದಲ್ಲಿಟ್ಟುಕೊಂಡು, ದಿನಗಳನ್ನು ಎಣಿಸಿಕೊಂಡು. ಆ ಅವಧಿಯಲ್ಲಿ ಆಕೆಯನ್ನು ಮನೆಯಿಂದ ಹೊರಹಾಕಬಾರದು. 65ನೇ ಅಧ್ಯಾಯದ ಮೊದಲ ಸೂಕ್ತ ಆ ಮನೆಯನ್ನು 'ಅವರ ಮನೆ', ಅಂದರೆ ಸ್ತ್ರೀಯರ ಮನೆ ಎಂದೇ ಕರೆಯುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಬಾಡಿಗೆ ಚೀಟಿ ಯಾರ ಹೆಸರಿನಲ್ಲಿದೆ ಎಂದು ಅದು ಕೇಳುವುದಿಲ್ಲ. ಅವಧಿ ಮುಗಿಯುವ ಹಂತದಲ್ಲಿ ಒಂದೋ ಗೌರವದಿಂದ ಉಳಿಸಿಕೊಳ್ಳಬೇಕು, ಇಲ್ಲವೇ ಗೌರವದಿಂದ ಬೀಳ್ಕೊಡಬೇಕು, ನ್ಯಾಯನಿಷ್ಠರಾದ ಇಬ್ಬರು ಸಾಕ್ಷಿಗಳಿರಬೇಕು. ಪೀಡಿಸುವ ಉದ್ದೇಶದಿಂದ ತಡೆದಿಟ್ಟುಕೊಳ್ಳುವುದನ್ನು ಎರಡನೇ ಅಧ್ಯಾಯದ 231ನೇ ಸೂಕ್ತ ನಿಷೇಧಿಸುತ್ತದೆ. ಕೊಟ್ಟದ್ದು ಸಂಪತ್ತಿನ ರಾಶಿಯೇ ಆಗಿದ್ದರೂ ಅದರಿಂದ ಏನನ್ನೂ ಹಿಂದೆ ಪಡೆಯಬಾರದೆಂದು ನಾಲ್ಕನೇ ಅಧ್ಯಾಯದ 20ನೇ ಸೂಕ್ತ ಹೇಳುತ್ತದೆ. ಹೀಗೆ ಉಳಿಸಿಕೊಳ್ಳುವ ಅವಕಾಶವಿರುವುದು ಎರಡು ತಲಾಕ್‌ಗಳ ವರೆಗೆ ಮಾತ್ರ. ತಿಂಗಳುಗಳ ಕಾಲ ನಡೆಯುವ, ಮನಸ್ಸು ತಣಿಯಲು ಪದೇ ಪದೇ ಅವಕಾಶ ಕೊಡುವ ಕ್ರಮವಿದು. ಒಂದು ಸಿಟ್ಟಿನ ಕ್ಷಣದಲ್ಲಿ, ಒಂದು ಫೋನ್ ಕರೆಯಲ್ಲಿ, ಒಂದು ವಾಟ್ಸಾಪ್ ಸಂದೇಶದಲ್ಲಿ ಮುಗಿಯುವ ಕೆಲಸ ಇದರಲ್ಲಿ ಎಲ್ಲಿದೆ?

ಒಂದೇ ಬೈಠಕ್‌ನಲ್ಲಿ ಹೇಳಿದ ಮೂರು ತಲಾಕ್‌ಗಳು ಒಂದೋ ಮೂರೋ ಎಂಬ ಕರ್ಮಶಾಸ್ತ್ರದ ಚರ್ಚೆ ಹಳೆಯದು. ನಾಲ್ಕು ಪಂಥಗಳ ಬಹುಮತ ಅದನ್ನು ಮೂರೆಂದು ಎಣಿಸುತ್ತದೆ, ಅಹ್ಲೆ ಹದೀಸ್ ವಿದ್ವಾಂಸರು ಒಂದೆಂದು ಎಣಿಸುತ್ತಾರೆ. ಪ್ರವಾದಿ(ಸ)ಯವರ ಕಾಲದಲ್ಲಿ ಅದನ್ನು ಒಂದಾಗಿ ಪರಿಗಣಿಸಲಾಗುತ್ತಿತ್ತು ಎಂಬ ಇಬ್ನು ಅಬ್ಬಾಸ್(ರ)ರ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಮೂರೆಂದು ಎಣಿಸುವ ಹನಫಿ ವಿದ್ವಾಂಸರೂ ಆ ರೀತಿಯನ್ನು ಬಿದ್ಅತ್ ಎಂದೇ ಕರೆದಿದ್ದಾರೆ. ಈ ಚರ್ಚೆಯನ್ನು ಇತ್ಯರ್ಥಪಡಿಸುವ ಅರ್ಹತೆ ನಮಗಿದೆ ಎಂದು ನಾವು ಭಾವಿಸಿಲ್ಲ. ನಮ್ಮ ಮಾತು ಅದಕ್ಕಿಂತ ಹಿಂದಿನದು. ಈ ಪ್ರಶ್ನೆ ಹುಟ್ಟುವುದೇ ಕುರ್‌ಆನ್ ಸೂಚಿಸಿದ ಮೆಟ್ಟಿಲುಗಳನ್ನೆಲ್ಲ ಹಾರಿಬಿಟ್ಟಾಗ. ಮೂರು ಸಲ ಹೇಳದಿದ್ದರೆ ತಲಾಕ್ ಆಗುವುದೇ ಇಲ್ಲ ಎಂದು ನಂಬಿರುವ ವಿದ್ಯಾವಂತ ಯುವಕರು ನಮ್ಮ ಊರುಗಳಲ್ಲಿದ್ದಾರೆ. ಹೇಳಿ ಮುಗಿಸಿದ ಮೇಲೆ ಖತೀಬರ ಬಳಿಗೆ ಓಡಿ ಪರಿಹಾರ ಕೇಳುತ್ತಾರೆ. ಹೇಳುವ ಮುಂಚೆ ಕೇಳಿದವರು ಎಷ್ಟು ಮಂದಿ?

ಈ ಅಜ್ಞಾನವೇ 2017ರಲ್ಲಿ ಸುಪ್ರೀಮ್ ಕೋರ್ಟಿನ ಮುಂದೆ ಬೆತ್ತಲಾಗಿ ನಿಂತದ್ದು. ಶಾಯರಾ ಬಾನೊ ಪ್ರಕರಣವನ್ನು ಆಲಿಸಿದ ಸಂವಿಧಾನ ಪೀಠದಲ್ಲಿ ಐದು ಧರ್ಮಗಳಿಗೆ ಸೇರಿದ ಐವರು ನ್ಯಾಯಮೂರ್ತಿಗಳಿದ್ದರು. ಅವರಲ್ಲೊಬ್ಬರಾದ ಎಸ್. ಅಬ್ದುಲ್ ನಝೀರ್ ದಕ್ಷಿಣ ಕನ್ನಡದವರು. ಮಂಡಳಿಯ ಪರ ವಾದಿಸಿದ ಕಪಿಲ್ ಸಿಬಲ್‌ರು 1,400 ವರ್ಷಗಳ ನಂಬಿಕೆಯ ಮಾತೆತ್ತಿ, ಶ್ರೀರಾಮ ಅಯೋಧ್ಯೆಯಲ್ಲಿ ಹುಟ್ಟಿದನೆಂಬುದು ಹೇಗೆ ನಂಬಿಕೆಯ ವಿಷಯವೋ ಇದೂ ಹಾಗೆಯೇ ಎಂದರು. ಇದನ್ನು ಕೇಳಿ ನಮಗೆ ನಿಜಕ್ಕೂ ನೋವಾಗಿತ್ತು. ಗ್ರಂಥವನ್ನು ಕೈಯಲ್ಲಿಟ್ಟುಕೊಂಡಿರುವ ಸಮುದಾಯದ ಪರವಾಗಿ ವಾದ ನಿಂತದ್ದು ಗ್ರಂಥದ ಮೇಲಲ್ಲ, ರೂಢಿಯ ಪ್ರಾಚೀನತೆಯ ಮೇಲೆ. ಮಂಡಳಿಯೇ ತನ್ನ ಅಫಿದಾವಿತ್‌ನಲ್ಲಿ ಈ ರೀತಿಯ ತಲಾಕ್ ಅನಪೇಕ್ಷಿತವೆಂದು ಒಪ್ಪಿ, ನಿಕಾಹ್ ನಡೆಸಿಕೊಡುವವರು ವರನಿಗೆ ಬುದ್ಧಿ ಹೇಳುವಂತೆ ಸಲಹೆ ಕಳುಹಿಸುವುದಾಗಿ ಹೇಳಿತು. ಆ ಸಲಹೆಯನ್ನು ಕಳುಹಿಸಲು 2017ರ ಮೇ ತಿಂಗಳವರೆಗೆ ಕಾಯಬೇಕಾಗಿತ್ತೇ? ಆಗಸ್ಟ್ 22ರಂದು 3-2ರ ಬಹುಮತದಿಂದ ತ್ರಿವಳಿ ತಲಾಕ್ ಅಸಿಂಧುವಾಯಿತು. ಬಹುಮತದ ಪರವಿದ್ದ ಕ್ರೈಸ್ತ ನ್ಯಾಯಮೂರ್ತಿ ಕುರಿಯನ್ ಜೋಸೆಫ್‌ರು ಕುರ್‌ಆನ್‌ನ ಸೂಕ್ತಗಳನ್ನು ಒಂದೊಂದಾಗಿ ಓದಿ, ಸಂಧಾನಕ್ಕೆ ಅವಕಾಶವಿಲ್ಲದ ಈ ಪದ್ಧತಿ ಕುರ್‌ಆನ್‌ಗೇ ವಿರುದ್ಧವೆಂದು ಬರೆದರು. ನಮ್ಮ ಮಿಂಬರ್‌ಗಳಿಂದ ಕೇಳಿಬರಬೇಕಾಗಿದ್ದ ಪಾಠ ಅದು.

ಇಷ್ಟಾದರೂ 2019ರ ಕಾನೂನನ್ನು ನಾವು ಒಪ್ಪಲಾರೆವು. ಯಾವ ತಲಾಕ್ ಅಸಿಂಧುವೆಂದು ನ್ಯಾಯಾಲಯ ಹೇಳಿತೋ, ಅಂದರೆ ಹೇಳಿದರೂ ಆಗುವುದೇ ಇಲ್ಲವೋ, ಅದಕ್ಕೆ ಸೆರೆವಾಸ ಯಾಕೆ? ಸಿವಿಲ್ ಕರಾರಿನ ಉಲ್ಲಂಘನೆಗೆ ಕ್ರಿಮಿನಲ್ ಶಿಕ್ಷೆ ಬೇರೆ ಯಾವ ಸಮುದಾಯಕ್ಕಿದೆ? ಪತಿ ಜೈಲಿನಲ್ಲಿದ್ದರೆ ಆಕೆಗೂ ಮಕ್ಕಳಿಗೂ ಊಟ ಕೊಡುವವರು ಯಾರು? ಕುರ್‌ಆನ್‌ನ ಹೆಸರಿನಲ್ಲಿ ಮಸೂದೆಯನ್ನು ಸಮರ್ಥಿಸಿಕೊಂಡವರು 65ನೇ ಅಧ್ಯಾಯದ ಆರನೇ ಸೂಕ್ತದ ವರೆಗೆ ಓದಿದ್ದರೆ, ಆಕೆಗೆ ವಾಸಕ್ಕೆ ಜಾಗ ಕೊಡಿ, ಇಕ್ಕಟ್ಟಿಗೆ ಸಿಲುಕಿಸಬೇಡಿ ಎಂಬ ಆಜ್ಞೆಯನ್ನು ಕಾಣುತ್ತಿದ್ದರು. ಸ್ತ್ರೀಯ ವಾಸದ ಹಕ್ಕನ್ನು ಬಲಪಡಿಸುವ ಕಾನೂನನ್ನು ತರಬಹುದಾಗಿತ್ತು. ತಂದದ್ದು ಪುರುಷನಿಗೆ ಕೋಳ ತೊಡಿಸುವ ಕಾನೂನನ್ನು. ಗ್ರಂಥದಿಂದ ತಮಗೆ ಬೇಕಾದ ಒಂದು ಸಾಲನ್ನು ಮಾತ್ರ ಹೆಕ್ಕುವುದು ರಾಜಕಾರಣಿಯ ಓದಿನ ಕ್ರಮ.

ನಮ್ಮ ಕರಾವಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಧರ್ಮವೊಂದರ ಅತ್ಯಗತ್ಯ ಆಚರಣೆ ಯಾವುದು, ಯಾವುದಲ್ಲ ಎಂದು ನ್ಯಾಯಾಲಯಗಳು ನಿರ್ಧರಿಸುವ ಪರಿಪಾಠಕ್ಕೆ ಅಡಿಪಾಯ ಹಾಕಿದ್ದು 1954ರ ಶಿರೂರು ಮಠದ ಪ್ರಕರಣ. ಉಡುಪಿಯ ಅಷ್ಟಮಠಗಳಲ್ಲೊಂದು ಅದು. ಒಂದು ಧರ್ಮದಲ್ಲಿ ಅತ್ಯಗತ್ಯವಾದದ್ದು ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಬೋಧನೆಗಳಿಂದಲೇ ಅರಿಯಬೇಕು ಎಂದು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯ ತೀರ್ಪು ಹೇಳಿತ್ತು. ಸುಮಾರು ಏಳು ದಶಕಗಳ ಬಳಿಕ ಅದೇ ಉಡುಪಿಯ ಕಾಲೇಜು ವಿದ್ಯಾರ್ಥಿನಿಯರ ಶಿರವಸ್ತ್ರದ ಪ್ರಶ್ನೆ ಬಂದಾಗ ಕರ್ನಾಟಕ ಹೈಕೋರ್ಟು ಅಬ್ದುಲ್ಲಾ ಯೂಸುಫ್ ಅಲಿಯವರ ಅನುವಾದ ಮತ್ತು ಟಿಪ್ಪಣಿಗಳನ್ನು ತೆರೆದು, 2022ರ ಮಾರ್ಚ್ 15ರಂದು ಅದು ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪಿತ್ತರು. ಅವರಲ್ಲಿ ಸುಧಾಂಶು ಧೂಲಿಯಾ ಅವರು ಈ ಅತ್ಯಗತ್ಯ ಆಚರಣೆಯ ಪ್ರಶ್ನೆಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದು ಬರೆದರು. ಆ ಮಾತು ನಮಗೆ ಸರಿಯೆನಿಸುತ್ತದೆ. ಆದರೆ ಆ ಫೆಬ್ರವರಿ ತಿಂಗಳಿಡೀ ಟಿ.ವಿ.ಗಳಲ್ಲಿ ನಡೆದದ್ದೇನು? ಕುರ್‌ಆನ್‌ನ ಮುಖಪುಟವನ್ನೂ ಕಾಣದ ಪಕ್ಷದ ವಕ್ತಾರರು ಸೂಕ್ತಗಳ ಸಂಖ್ಯೆ ಕೇಳುತ್ತಿದ್ದರು. ಉತ್ತರಿಸಲು ಕುಳಿತ ಮುಸ್ಲಿಮ್ ಮುಖಂಡರು ಸಂವಿಧಾನದ 25ನೇ ವಿಧಿಯನ್ನು ಹೇಳಿದರು, ರೂಢಿಯನ್ನು ಹೇಳಿದರು, 24ನೇ ಅಧ್ಯಾಯದ 31ನೇ ಸೂಕ್ತವನ್ನು ಹೇಳಬೇಕಾದಾಗ ತಡವರಿಸಿದರು. ಧರ್ಮದ ಬೋಧನೆಗಳಿಂದಲೇ ಅರಿಯಬೇಕೆಂದು ನ್ಯಾಯಾಲಯ ಹೇಳುವಾಗ ಆ ಬೋಧನೆಗಳನ್ನು ಅರಿತವರು ಆ ಧರ್ಮದಲ್ಲಿಯೇ ಬೇಕಾದಷ್ಟು ಮಂದಿ ಇರಬೇಕು.

ಇದು ಒಂದು ಸಮುದಾಯದ ರೋಗವಲ್ಲ ಎಂಬುದನ್ನೂ ಹೇಳೋಣ. ಅದೇ ಮಾರ್ಚ್‌ನಲ್ಲಿ ಗುಜರಾತ್ ಸರಕಾರವು 6ರಿಂದ 12ನೇ ತರಗತಿಯ ವರೆಗೆ ಭಗವದ್ಗೀತೆಯನ್ನು ಪಠ್ಯದಲ್ಲಿ ಸೇರಿಸುವುದಾಗಿ ಪ್ರಕಟಿಸಿತು. ಬೆನ್ನಲ್ಲೇ ಕರ್ನಾಟಕದ ಅಂದಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್‌ರೂ ಅಂತಹ ಆಲೋಚನೆಯ ಮಾತಾಡಿದರು. ಗೀತೆಯನ್ನು ಓದುವುದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಮಕ್ಕಳಿಗೆ ಕಡ್ಡಾಯ ಮಾಡಹೊರಡುವ ಶಾಸಕರಲ್ಲಿ ಎಷ್ಟು ಮಂದಿ ಹದಿನೆಂಟೂ ಅಧ್ಯಾಯಗಳನ್ನು ಓದಿದ್ದಾರೆ ಎಂದು ಅವರದೇ ಧರ್ಮದವರು ಕೇಳಬೇಕು. ಇನ್ನು ಬೈಬಲ್ ಮುಟ್ಟಿ ಅಧಿಕಾರ ಸ್ವೀಕರಿಸುವ ಅಮೇರಿಕದ ಸ್ಥಿತಿ ನೋಡಿ. ಸಂಸತ್ತಿನ ಎರಡೂ ಸದನಗಳಲ್ಲಿ ಬೈಬಲಿನ ಹತ್ತು ಆಜ್ಞೆಗಳನ್ನು ಪ್ರದರ್ಶಿಸಬೇಕೆಂಬ ಮಸೂದೆಗೆ ಸಹಿ ಹಾಕಿದ್ದ ಜಾರ್ಜಿಯಾದ ಪ್ರತಿನಿಧಿ ಲಿನ್ ವೆಸ್ಟ್‌ಮೋರ್‌ಲ್ಯಾಂಡ್‌ರನ್ನು 2006ರಲ್ಲಿ ಟಿ.ವಿ. ಸಂದರ್ಶಕರೊಬ್ಬರು, ಆ ಹತ್ತನ್ನು ಹೇಳಿ ಎಂದು ಕೇಳಿದರು. ಅವರು ಹೇಳಿದ್ದು ಮೂರನ್ನು! 2010ರಲ್ಲಿ ಪ್ಯೂ ಸಂಶೋಧನಾ ಕೇಂದ್ರವು ಅಮೇರಿಕನ್ನರ ಧರ್ಮಜ್ಞಾನವನ್ನು 32 ಪ್ರಶ್ನೆಗಳಿಂದ ಅಳೆದಾಗ ಪ್ರೊಟೆಸ್ಟೆಂಟರು ಸರಾಸರಿ 16ಕ್ಕೂ ಕ್ಯಾಥೊಲಿಕರು 14.7ಕ್ಕೂ ಸರಿಯುತ್ತರ ನೀಡಿದರು. ದೇವನಲ್ಲಿ ನಂಬಿಕೆಯಿಲ್ಲದವರು ಮತ್ತು ಸಂದೇಹವಾದಿಗಳು 20.9ಕ್ಕೆ ಉತ್ತರಿಸಿ ಎಲ್ಲರಿಗಿಂತ ಮೇಲೆ ನಿಂತರು. ಅದನ್ನು ಓದಿ ನಗುವವರು ಅಂತಹ 32 ಪ್ರಶ್ನೆಗಳನ್ನು ಜುಮಾ ನಮಾಝಿನ ಬಳಿಕ ನಮ್ಮ ಮಸೀದಿಯ ಬಾಗಿಲಲ್ಲಿ ಹಂಚಿದರೆ ಏನಾದೀತೆಂದು ಯೋಚಿಸಲಿ.

ಈಗ ವಿಷಯ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. 2025ರ ಎಪ್ರಿಲ್‌ನಲ್ಲಿ ಸಂಸತ್ತು ಅಂಗೀಕರಿಸಿದ ವಕ್ಫ್ ತಿದ್ದುಪಡಿ ಕಾನೂನಿನಲ್ಲಿ, ಕನಿಷ್ಠ ಐದು ವರ್ಷಗಳಿಂದ ಇಸ್ಲಾಮನ್ನು ಪಾಲಿಸುತ್ತಿರುವುದಾಗಿ ತೋರಿಸಿದವರು ಮಾತ್ರ ವಕ್ಫ್ ಮಾಡಬಹುದೆಂಬ ಷರತ್ತು ಬಂತು. ಪಾಲಿಸುವುದನ್ನು ಅಳೆಯುವವರು ಯಾರು, ಯಾವ ಮಾನದಂಡದಿಂದ? ಸುಪ್ರೀಮ್ ಕೋರ್ಟು ಸೆಪ್ಟಂಬರ್ 15ರಂದು, ಇದಕ್ಕೆ ನಿಯಮಗಳು ರೂಪುಗೊಳ್ಳುವ ವರೆಗೆ ಆ ಷರತ್ತಿಗೆ ತಡೆ ನೀಡಿತು. ವಿಶ್ವಾಸಿ ಯಾರೆಂದು ನಿರ್ಣಯಿಸುವ ಅಧಿಕಾರ ಸರಕಾರಿ ಕಚೇರಿಯ ಮೇಜಿಗೆ ಬರುವ ದಿನ ದೂರವಿಲ್ಲ ಎಂಬ ಸೂಚನೆಯಂತೂ ಇದರಲ್ಲಿದೆ.

ಮುಸ್ಲಿಮ್ ರಾಜಕಾರಣಿಗಳನ್ನು ನಾವು ಬದಿಗಿರಿಸಿಲ್ಲ. ಶರೀಅತ್ ಅಪಾಯದಲ್ಲಿದೆ ಎಂದು ವೇದಿಕೆಯಲ್ಲಿ ಗುಡುಗುವವರಿಗೆ ಕೊರತೆಯಿಲ್ಲ. ತಲಾಕಿನ ವಿಷಯದಲ್ಲಿ ಶರೀಅತ್ ಬೇಕು. ನಾಲ್ಕನೇ ಅಧ್ಯಾಯದ ನಾಲ್ಕನೇ ಸೂಕ್ತ ವಧುವಿಗೆ ಮನಃಪೂರ್ವಕ ಮಹ್ರ್ ಕೊಡಲು ಹೇಳಿದರೆ ಅಲ್ಲಿ ವರದಕ್ಷಿಣೆಯ ಲೆಕ್ಕ ನಡೆಯುತ್ತದೆ. ಅದೇ ಅಧ್ಯಾಯದ 11ನೇ ಸೂಕ್ತ ಹೆಣ್ಣು ಮಕ್ಕಳಿಗೆ ಆಸ್ತಿಯಲ್ಲಿ ಪಾಲನ್ನು ನಿಗದಿಪಡಿಸಿದೆ. ತಂದೆಯ ಮರಣಾನಂತರ ಸಹೋದರಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳಲ್ಲಿ ಆ ಮುಖಂಡರ ಮನೆಗಳೂ ಇವೆಯೇ ಎಂದು ಮತದಾರರು ವಿಚಾರಿಸಬೇಕು. ಟೊಪ್ಪಿ ಧರಿಸಿ ಇಫ್ತಾರಿಗೆ ಬರುವ ಇತರ ಧರ್ಮದ ರಾಜಕಾರಣಿಯನ್ನು ನಾವು ಟೀಕಿಸುತ್ತೇವಷ್ಟೆ? ಕುರ್‌ಆನ್‌ನ ವಿಷಯದಲ್ಲಿ ಇವರೂ ಟೊಪ್ಪಿಯ ಮಟ್ಟದಲ್ಲಿಯೇ ಇದ್ದಾರೆ.

ಆದರೆ ಮುಖಂಡರು ಸಮುದಾಯದಿಂದಲೇ ಬರುತ್ತಾರೆ. ನಮ್ಮ ಮಕ್ಕಳು ಮದ್ರಸಕ್ಕೆ ಹೋಗಿ ಕುರ್‌ಆನನ್ನು ಸ್ಪಷ್ಟ ಉಚ್ಚಾರದೊಂದಿಗೆ ಓದಲು ಕಲಿಯುತ್ತಾರೆ. ಒಮ್ಮೆ ಪೂರ್ತಿಯಾದಾಗ ಸಿಹಿ ಹಂಚುತ್ತೇವೆ. ಅದು ಸಣ್ಣ ಸಾಧನೆಯಲ್ಲ, ಅದನ್ನು ಹಗುರವಾಗಿ ಕಾಣುವವರೊಂದಿಗೆ ನಾವಿಲ್ಲ. ಆದರೆ ಹೆಚ್ಚಿನವರ ಪಾಲಿಗೆ ಓದು ಅಲ್ಲಿಗೆ ನಿಲ್ಲುತ್ತದೆ. ರಮಝಾನಿನ ತರಾವೀಹ್‌ನಲ್ಲಿ ದಿನಕ್ಕೊಂದು ಭಾಗದಂತೆ ಕುರ್‌ಆನ್ ಪೂರ್ತಿಗೊಳಿಸುವ ಮಸೀದಿಗಳಲ್ಲಿ ತಲಾಕಿನ ಮುಖ್ಯ ಸೂಕ್ತಗಳು ಎರಡನೇ ರಾತ್ರಿಯೂ 'ಅತ್ತಲಾಕ್' ಅಧ್ಯಾಯ ಇಪ್ಪತ್ತೆಂಟನೇ ರಾತ್ರಿಯೂ ಬರುತ್ತವೆ. ಪ್ರತಿವರ್ಷ ನೂರಾರು ಪುರುಷರು ಭಕ್ತಿಯಿಂದ ಕೈಕಟ್ಟಿ ನಿಂತು ಅದನ್ನು ಆಲಿಸುತ್ತಾರೆ. ಮರುದಿನ ಕೇಳಿದರೆ ನಿನ್ನೆ ರಾತ್ರಿ ಓದಿದ್ದು ಯಾವ ವಿಷಯವೆಂದು ಹೇಳಬಲ್ಲವರು ಎಷ್ಟು ಮಂದಿ? ಅರಬಿ ಬಾರದವರಿಗೆ ಇದು ಹೇಗೆ ಸಾಧ್ಯವೆಂದು ಕೇಳಬಹುದು. ಕನ್ನಡದಲ್ಲಿ ಕುರ್‌ಆನ್ ಅನುವಾದಗಳು ಬಂದು ದಶಕಗಳಾದವು. ಮೊಬೈಲಿನಲ್ಲಿಯೂ ಸಿಗುತ್ತವೆ. ಅನುವಾದ ಓದಿದರೆ ದಾರಿ ತಪ್ಪುತ್ತಾರೆ ಎಂದು ಹೆದರಿಸುವವರು ಕೆಲವರಿದ್ದಾರೆ. ವಿದ್ವಾಂಸರ ಮಾರ್ಗದರ್ಶನ ಬೇಕೆಂಬುದನ್ನು ಯಾರೂ ನಿರಾಕರಿಸುವುದಿಲ್ಲ. ಆದರೆ ವಕೀಲರೂ ನ್ಯಾಯಾಧೀಶರೂ ಟಿ.ವಿ. ನಿರೂಪಕರೂ ಅನುವಾದ ಓದಿ ತೀರ್ಮಾನಿಸುವಾಗ ಆ ಗ್ರಂಥದಲ್ಲಿ ವಿಶ್ವಾಸವಿಟ್ಟ ತಾಯಿ ಮಾತ್ರ ಓದಬಾರದೆಂಬುದು ಯಾವ ನ್ಯಾಯ?

ನಮ್ಮಲ್ಲಿ ಪ್ರತಿ ನಿಕಾಹ್‌ನಲ್ಲಿ ಒಂದು ಖುತ್ಬಾ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಕಡೆಯ ಸೂಕ್ತಗಳನ್ನು ಓದಲಾಗುತ್ತದೆ: ಮೂರನೇ ಅಧ್ಯಾಯದ 102, ನಾಲ್ಕನೇ ಅಧ್ಯಾಯದ 1, 33ನೇ ಅಧ್ಯಾಯದ 70 ಮತ್ತು 71. ಪುರುಷನನ್ನೂ ಸ್ತ್ರೀಯನ್ನೂ ಒಂದೇ ಜೀವದಿಂದ ಸೃಷ್ಟಿಸಲಾಗಿದೆ, ದೇವನನ್ನು ಭಯಪಡಿ, ರಕ್ತಸಂಬಂಧಗಳ ಬಗ್ಗೆ ಎಚ್ಚರವಿರಲಿ, ನೇರವಾದ ಮಾತನ್ನೇ ಆಡಿ ಎಂಬ ಅರ್ಥದ ಸೂಕ್ತಗಳವು. ದಾಂಪತ್ಯ ಆರಂಭಿಸುವವರಿಗೆ ಇದಕ್ಕಿಂತ ಹೊಂದುವ ಮಾತುಗಳಿಲ್ಲ. ಆದರೆ ವರನ ಗಮನ ಕ್ಯಾಮರಾದತ್ತ, ಬಂದವರ ಗಮನ ಊಟದ ಪಂಕ್ತಿಯತ್ತ. ಅಲ್ಲೇ ಒಳಗಿನ ಕೋಣೆಯಲ್ಲಿ ಕುಳಿತ ವಧುವಿಗೆ ಆ ಮಾತುಗಳು ಕೇಳಿಸುವುದೂ ಇಲ್ಲ.

ಖತೀಬರು ಆ ಸೂಕ್ತಗಳ ಅರ್ಥವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬ್ಯಾರಿಯಲ್ಲೋ ಹೇಳಲು ಹತ್ತು ನಿಮಿಷ ತೆಗೆದುಕೊಂಡರೆ ಯಾರ ಬಿರಿಯಾನಿಯೂ ಆರಿಹೋಗದು. ಧ್ವನಿವರ್ಧಕದ ಒಂದು ತಂತಿಯನ್ನು ಮಹಿಳೆಯರ ಕೋಣೆಗೂ ಎಳೆಯಬಹುದು. ವೈಯಕ್ತಿಕ ಕಾನೂನು ಮಂಡಳಿಯು 2005ರಲ್ಲಿ ಭೋಪಾಲದಲ್ಲಿ ಮಾದರಿ ನಿಕಾಹ್‌ನಾಮಾವೊಂದನ್ನು ಅಂಗೀಕರಿಸಿತ್ತು. ಅದರಲ್ಲಿ ಕೊರತೆಗಳಿವೆಯೆಂದು ಮಹಿಳಾ ಸಂಘಟನೆಗಳು ಆಗಲೇ ಹೇಳಿದ್ದವು, ಆ ಟೀಕೆಯಲ್ಲಿ ಹುರುಳಿದೆ. ಆದರೂ ಒಂದೇ ಸಲಕ್ಕೆ ಮೂರು ತಲಾಕ್ ಹೇಳದಂತೆ ಅದು ಬರಹದಲ್ಲಿಯೇ ಬುದ್ಧಿ ಹೇಳಿತ್ತು. ಅದರ ಪ್ರತಿ ನಮ್ಮ ಎಷ್ಟು ಮಸೀದಿಗಳ ಕಪಾಟಿನಲ್ಲಿದೆ? ಮಸೀದಿಯ ನಿಕಾಹ್ ಪುಸ್ತಕದಲ್ಲಿ ಮಹ್ರ್‌ನ ಮೊತ್ತ ಬರೆಯುವ ಸಾಲಿನ ಕೆಳಗೆ, ಮನಸ್ತಾಪ ಬಂದರೆ ಮೊದಲು ಎರಡೂ ಮನೆಯ ಒಬ್ಬೊಬ್ಬ ಮಧ್ಯಸ್ಥರ ಬಳಿಗೆ ಹೋಗುತ್ತೇನೆ ಎಂಬ ಇನ್ನೊಂದು ಸಾಲನ್ನು ಸೇರಿಸಿ ವರನಿಂದ ಸಹಿ ಪಡೆಯಲು ಯಾವ ಸಂಸತ್ತಿನ ಅನುಮತಿಯೂ ಬೇಕಾಗಿಲ್ಲ. ಮುಂದಿನ ಕಮಿಟಿ ಸಭೆಯಲ್ಲಿ ಇದನ್ನು ಪ್ರಸ್ತಾಪಿಸುವಂತೆ ಓದುಗರಲ್ಲಿ ವಿನಂತಿಸುತ್ತೇವೆ. ಆ ಇಬ್ಬರು ಮಧ್ಯಸ್ಥರ ಹೆಸರನ್ನು ನಿಕಾಹ್‌ನ ದಿನವೇ ಬರೆದಿಡುವುದು ಇನ್ನೂ ಒಳ್ಳೆಯದು.